ಬ್ರಿಟನ್ ಐರೋಪ್ಯ ಒಕ್ಕೂಟ ಬಿಟ್ಟು ಏನು ಕಳೆದುಕೊಂಡಿತು? ನಾವೂ ಇಂಥ ಒಪ್ಪಂದಗಳಿಂದ ದೂರ ಇರುವುದೇ ಒಳ್ಳೆಯದಲ್ವಾ?

ನೀವು ಕೇಳಿರುವುದು ಎರಡು ವಿಷಯ. ಬ್ರೆಕ್ಸಿಟ್‌ನಿಂದ ಬ್ರಿಟನ್‌ಗೆ ನಿಜವಾಗಿ ಏನಾಯ್ತು ಅನ್ನುವುದು ಒಂದು. ಅಡಿಕೆ, ಮೆಣಸು ಬೆಳೆಯುವ ಮಲೆನಾಡಿನವರಿಗೆ ಇಂಥ ಒಕ್ಕೂಟಗಳ ಸಹವಾಸವೇ ಬೇಡ ಅಲ್ವಾ ಅನ್ನುವುದು ಇನ್ನೊಂದು. ನಾನು ಅರ್ಥಶಾಸ್ತ್ರ ಓದಿದವನಲ್ಲ. ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ 22 ವರ್ಷ ಲೆಕ್ಕ ಬರೆದಿದ್ದೇನೆ. ಮಾಲು ಒಂದು ಗಡಿ ದಾಟಬೇಕಾದರೆ ಏನೇನು ಬೇಕಾಗುತ್ತದೆ ಅನ್ನುವುದು ಅಲ್ಲಿಂದ ಗೊತ್ತು. ಆ ಕಡೆಯಿಂದಲೇ ಹೇಳುತ್ತೇನೆ.

ಕಥೆ ಚಿಕ್ಕದಾಗಿ ಇಷ್ಟು. ಬ್ರಿಟನ್ 1973ರಲ್ಲಿ ಈ ಕೂಟ ಸೇರಿತು. 2016ರ ಜೂನ್ 23ಕ್ಕೆ ಜನಮತ ಕೇಳಿದಾಗ ಶೇ 51.9ರಷ್ಟು ಜನ ಬಿಡೋಣ ಅಂದರು. 2017ರ ಮಾರ್ಚ್ 29ಕ್ಕೆ ಸರ್ಕಾರ ಅಧಿಕೃತವಾಗಿ ನೋಟಿಸ್ ಕೊಟ್ಟಿತು. 2020ರ ಜನವರಿ 31ಕ್ಕೆ ಹೊರಗೆ ಬಂತು. ಆದರೆ ಆ ವರ್ಷದ ಕೊನೆವರೆಗೂ ಹಳೇ ನಿಯಮವೇ ನಡೆಯಿತು. ನಿಜವಾದ ಬದಲಾವಣೆ ಜನರ ಕೈಗೆ ತಾಗಿದ್ದು 2021ರ ಜನವರಿ 1ರಿಂದ.

ಇಲ್ಲಿ ಬಹಳ ಜನ ತಪ್ಪು ತಿಳಿದಿರುವ ವಿಷಯ ಒಂದಿದೆ. ಬಿಟ್ಟ ಮೇಲೆ ಇಬ್ಬರೂ ಒಬ್ಬರ ಮೇಲೊಬ್ಬರು ಸುಂಕ ಹಾಕಿಕೊಂಡರು, ಅದಕ್ಕೇ ವ್ಯಾಪಾರ ಕೆಟ್ಟಿತು ಅಂತ ಅಂದುಕೊಂಡಿದ್ದಾರೆ. ಹಾಗೇನೂ ಇಲ್ಲ. 2020ರ ಡಿಸೆಂಬರ್ 24ಕ್ಕೆ ಆದ ಒಪ್ಪಂದದ ಪ್ರಕಾರ ಇಬ್ಬರ ನಡುವೆ ಸುಂಕ ಸೊನ್ನೆ. ಆದರೆ ಆ ಸೊನ್ನೆ ಸಿಗಬೇಕಾದರೆ ಮಾಲು ನಿಮ್ಮ ದೇಶದಲ್ಲೇ ತಯಾರಾಗಿದ್ದು ಅಂತ ತೋರಿಸಬೇಕು. ಕಸ್ಟಮ್ಸ್ ಅರ್ಜಿ ತುಂಬಬೇಕು. ಮಾಂಸ, ಮೀನು, ಹಾಲಿನ ಪದಾರ್ಥವಾದರೆ ಆರೋಗ್ಯ ಪ್ರಮಾಣಪತ್ರವೂ ಬೇಕು. ಮೊದಲು ಸ್ಕಾಟ್ಲೆಂಡಿನಿಂದ ಫ್ರಾನ್ಸಿಗೆ ಮೀನು ಕಳಿಸುವುದು ಅಂದರೆ ಶಿವಮೊಗ್ಗದಿಂದ ದಾವಣಗೆರೆಗೆ ಲೋಡ್ ಕಳಿಸಿದ ಹಾಗೆ ಇತ್ತು. ಬಿಲ್ ಬರೆದು ಕಳಿಸಿದರೆ ಮುಗೀತು.

ಕಾಗದದ ಭಾರ ಎಷ್ಟು ಅಂತ ನನಗೆ ಗೊತ್ತು. ಜಿಎಸ್‌ಟಿ ಬರುವ ಮುಂಚೆ ಹೊರರಾಜ್ಯದ ವ್ಯಾಪಾರಕ್ಕೆ ಸಿ ಫಾರಂ ಅಂತ ಒಂದಿತ್ತು, ನಿಮ್ಮ ಮನೆಯಲ್ಲಿ ಹಿರಿಯರು ಯಾರಾದರೂ ವ್ಯಾಪಾರ ಮಾಡಿದ್ದರೆ ಕೇಳಿ ನೋಡಿ. ನಾವು ಕಾನ್ಪುರಕ್ಕೆ ಅಡಿಕೆ ಕಳಿಸಿದರೆ ಅಲ್ಲಿನ ಖರೀದಿದಾರ ನಮಗೆ ಸಿ ಫಾರಂ ಕಳಿಸಬೇಕು. ಬಂದರೆ ತೆರಿಗೆ ಶೇ 2. ಬರದಿದ್ದರೆ ಪೂರ್ತಿ ದರ, ಅದೂ ನಮ್ಮ ತಲೆ ಮೇಲೆ. ಪ್ರತಿ ಸೋಮವಾರ ಬೆಳಿಗ್ಗೆ ನನ್ನ ಮೊದಲ ಕೆಲಸವೇ ಆ ಫೋನ್. ಆ ಕಡೆಯಿಂದ "ಭೇಜ್ ರಹೇ ಹೈಂ ಸಾಬ್" ಅಂತ ಉತ್ತರ. ಒಬ್ಬ ಖರೀದಿದಾರ ಮೂರು ಲೋಡಿನ ಫಾರಂ ಕಳಿಸಲೇ ಇಲ್ಲ. ಎರಡು ವರ್ಷದ ಮೇಲೆ ನೋಟಿಸ್ ಬಂತು. ನಮ್ಮ ಸಾಹುಕಾರರು ವ್ಯತ್ಯಾಸದ ತೆರಿಗೆ, ಬಡ್ಡಿ ಎರಡನ್ನೂ ಕೈಯಿಂದ ಕಟ್ಟಿದರು.

ನಮ್ಮದು ದೊಡ್ಡ ಮಂಡಿ, ತಡೆದುಕೊಂಡಿತು. ಪಕ್ಕದ ಅಂಗಡಿಯವರು ವರ್ಷಕ್ಕೆ ಎರಡೋ ಮೂರೋ ಲೋಡ್ ಕಳಿಸುತ್ತಿದ್ದವರು. ಅವರಿಗೂ ಹೀಗೇ ಒಂದು ಸಲ ಆಯ್ತು. ಆಮೇಲೆ ಅವರು ಹೊರಗೆ ಕಳಿಸುವುದನ್ನೇ ನಿಲ್ಲಿಸಿದರು. ರಾಶಿ ಇಡಿ ಅನ್ನುವ ಅಡಿಕೆಯನ್ನು ಚೆನ್ನಾಗಿ ಒಣಗಿಸಿ, ಆರಿಸಿ ಇಟ್ಟಿದ್ದ ಮಾಲನ್ನು ಇಲ್ಲಿಯೇ ದೊಡ್ಡವರಿಗೆ ಕಡಿಮೆ ರೇಟಿಗೆ ಕೊಡುವುದಕ್ಕೆ ಶುರು ಮಾಡಿದರು. ಅವರನ್ನು ಯಾರೂ ತಡೆದಿರಲಿಲ್ಲ. ಮಾಲಿಗೆ ಬೇಡಿಕೆಯೂ ಇತ್ತು. ಕಾಗದದ ಹಿಂದೆ ಓಡಾಡುವುದಕ್ಕೆ ಒಬ್ಬ ಗುಮಾಸ್ತನನ್ನು ಇಟ್ಟುಕೊಳ್ಳುವ ಶಕ್ತಿ ಅವರಿಗೆ ಇರಲಿಲ್ಲ, ಅಷ್ಟೇ.

ಬ್ರಿಟನ್‌ನಲ್ಲಿ ಆಗಿದ್ದು ಇದೇ. 2021ರ ಜನವರಿಯಲ್ಲಿ ಸ್ಕಾಟ್ಲೆಂಡಿನ ಮೀನು, ಸಿಗಡಿಯ ಲಾರಿಗಳು ಕಾಗದಕ್ಕಾಗಿ ಕಾದು ನಿಂತವು. ಮೀನು ಅಡಿಕೆಯ ಹಾಗೆ ಗೋದಾಮಿನಲ್ಲಿ ಇಟ್ಟುಕೊಳ್ಳುವ ವಸ್ತುವಲ್ಲ. ಒಂದು ದಿನ ತಡವಾದರೆ ರೇಟು ಬಿತ್ತು ಅಂತಲೇ ಲೆಕ್ಕ. ಅದರಲ್ಲೂ ಒಂದೇ ಲಾರಿಯಲ್ಲಿ ಹತ್ತು ಜನ ಸಣ್ಣ ವ್ಯಾಪಾರಿಗಳ ಮಾಲು ಇದ್ದರೆ, ಒಬ್ಬನ ಕಾಗದ ತಪ್ಪಾದರೂ ಇಡೀ ಲಾರಿ ನಿಲ್ಲುತ್ತದೆ. ಆ ತಿಂಗಳೇ ಸಮುದ್ರಾಹಾರದ ವ್ಯಾಪಾರಿಗಳು ಲಾರಿ ತಂದು ಲಂಡನ್ನಿನಲ್ಲಿ ಪ್ರತಿಭಟನೆ ಮಾಡಿದರು. ದೊಡ್ಡ ಕಂಪನಿಗಳು ಯುರೋಪಿನಲ್ಲೇ ಒಂದು ಆಫೀಸ್, ಗೋದಾಮು ಮಾಡಿಕೊಂಡವು. ಸಣ್ಣವರಲ್ಲಿ ಎಷ್ಟೋ ಜನ ಆ ಕಡೆಗೆ ಮಾರುವುದನ್ನೇ ಬಿಟ್ಟರು.

ಇನ್ನೊಂದು ಮಾತು. ಐರೋಪ್ಯ ಒಕ್ಕೂಟದವರು ಮೊದಲ ದಿನದಿಂದಲೇ ತಪಾಸಣೆ ಶುರು ಮಾಡಿದರು. ಬ್ರಿಟನ್ ಮಾತ್ರ ತನ್ನ ಕಡೆಯ ತಪಾಸಣೆಯನ್ನು ಮತ್ತೆ ಮತ್ತೆ ಮುಂದೂಡಿತು. ತರಕಾರಿ, ಮಾಂಸ, ಚೀಸ್ ಬಹಳಷ್ಟು ಬರುವುದು ಯುರೋಪಿನಿಂದ. ತಡೆದು ನಿಲ್ಲಿಸಿದರೆ ಬೆಲೆ ಏರುತ್ತದೆ ಅಂತ ಭಯ. ಕೊನೆಗೆ 2024ರಲ್ಲಿ ಶುರು ಮಾಡಿದರು. 2025ರ ಮೇ ತಿಂಗಳಲ್ಲಿ, ಆಹಾರ ಪದಾರ್ಥದ ತಪಾಸಣೆ ಬಹುಪಾಲು ಕೈಬಿಡುವ ಒಪ್ಪಂದ ಮಾಡಿಕೊಳ್ಳೋಣ ಅಂತ ಇಬ್ಬರೂ ಒಪ್ಪಿದರು. ಅಂದರೆ ಬಿಟ್ಟು ಬಂದ ಮನೆಯ ನಿಯಮವನ್ನೇ ಪಾಲಿಸಬೇಕು, ಆ ನಿಯಮ ಮಾಡುವಾಗ ಓಟು ಹಾಕುವ ಹಕ್ಕು ಮಾತ್ರ ಈಗ ಇಲ್ಲ.

ಒಟ್ಟು ನಷ್ಟ ಎಷ್ಟು ಅಂದರೆ, ಬ್ರಿಟನ್ ಸರ್ಕಾರದ ಬಜೆಟ್ ಲೆಕ್ಕ ನೋಡುವ ಸ್ವತಂತ್ರ ಸಂಸ್ಥೆಯೊಂದಿದೆ, ಒಬಿಆರ್ ಅಂತ. ಒಕ್ಕೂಟದಲ್ಲೇ ಇದ್ದಿದ್ದರೆ ಆಗುತ್ತಿದ್ದುದಕ್ಕಿಂತ ದೇಶದ ಉತ್ಪಾದಕತೆ ದೀರ್ಘಕಾಲದಲ್ಲಿ ಶೇ 4ರಷ್ಟು ಕಡಿಮೆ ಇರುತ್ತದೆ ಅಂತ ಅದರ ಅಂದಾಜು. ಆಮದು, ರಫ್ತು ಎರಡೂ ಸುಮಾರು ಶೇ 15ರಷ್ಟು ಕಡಿಮೆ. ಕೊರೊನಾ ಕೂಡ ಅದೇ ಸಮಯಕ್ಕೆ ಬಂದಿದ್ದರಿಂದ ಯಾವುದರ ಪೆಟ್ಟು ಎಷ್ಟು ಅಂತ ಬಿಡಿಸುವುದು ಕಷ್ಟ. ದೇಶ ಮುಳುಗಿಲ್ಲ. ಆದರೆ ಪ್ರತಿ ವರ್ಷ ಬರಬೇಕಾದ ಆದಾಯದಲ್ಲಿ ಒಂದು ಪಾಲು ಬರದೆ ಹೋದರೆ ಆಸ್ಪತ್ರೆ, ರಸ್ತೆಗೆ ದುಡ್ಡು ಕಡಿಮೆ ಆಗುತ್ತದೆ ಅಲ್ವಾ?

ಐರ್ಲೆಂಡಿನದ್ದು ಮಾತ್ರ ದುಡ್ಡಿನ ವಿಷಯ ಅಲ್ಲ. ಉತ್ತರ ಐರ್ಲೆಂಡ್ ಬ್ರಿಟನ್‌ಗೆ ಸೇರಿದ್ದು. ಪಕ್ಕದ ಐರ್ಲೆಂಡ್ ಗಣರಾಜ್ಯ ಒಕ್ಕೂಟದಲ್ಲೇ ಇದೆ. ಅಲ್ಲಿ ಹತ್ತಾರು ವರ್ಷ ರಕ್ತ ಹರಿದು, 1998ರ ಒಪ್ಪಂದದಿಂದ ಶಾಂತಿ ಬಂತು. ಸುಮಾರು 500 ಕಿಲೋಮೀಟರಿನ ಆ ಗಡಿಯಲ್ಲಿ ಮತ್ತೆ ಚೆಕ್‌ಪೋಸ್ಟ್ ಹಾಕುವ ಧೈರ್ಯ ಯಾರಿಗೂ ಇರಲಿಲ್ಲ. ಹಾಕದೆ ಇದ್ದರೆ ಒಕ್ಕೂಟದೊಳಗೆ ಮಾಲು ನುಗ್ಗುತ್ತದೆ. ಕೊನೆಗೆ ತಪಾಸಣೆಯನ್ನು ಬ್ರಿಟನ್‌ಗೂ ಉತ್ತರ ಐರ್ಲೆಂಡಿಗೂ ನಡುವೆ ಇಟ್ಟರು. ಒಂದೇ ಮನೆಯ ಜಗುಲಿಗೂ ಅಡಿಗೆಮನೆಗೂ ನಡುವೆ ದಣಪೆ, ಅಂದರೆ ಬೇಲಿಯ ಗೇಟು, ಹಾಕಿದಂತೆ. ಅದರ ಸಿಟ್ಟಿಗೆ ಅಲ್ಲಿನ ಒಂದು ಪಕ್ಷ ಸರ್ಕಾರದಿಂದ ಹೊರನಡೆದು, 2022ರಿಂದ ಎರಡು ವರ್ಷ ಉತ್ತರ ಐರ್ಲೆಂಡಿಗೆ ಸರ್ಕಾರವೇ ಇರಲಿಲ್ಲ.

ವಲಸೆ ಕಡಿಮೆ ಆಗಲಿ ಅಂತ ಓಟು ಹಾಕಿದವರು ಬಹಳ. ಯುರೋಪಿನವರು ಬರುವುದು ಕಡಿಮೆ ಆಯ್ತು ನಿಜ. ಆದರೆ ಆಸ್ಪತ್ರೆ, ವೃದ್ಧರ ಆರೈಕೆಗೆ ಜನ ಬೇಕಲ್ಲ. ವೀಸಾ ನಿಯಮ ಬದಲಾಯಿತು. 2023ರ ಜೂನ್‌ವರೆಗಿನ ಒಂದು ವರ್ಷದಲ್ಲಿ, ಬಂದವರಲ್ಲಿ ಹೋದವರನ್ನು ಕಳೆದರೂ ಲೆಕ್ಕ 9 ಲಕ್ಷ ದಾಟಿತ್ತು. ಆಮೇಲೆ ಇಳಿಯಿತು. ನನ್ನ ಅಕ್ಕನ ಮಗಳೂ ನರ್ಸ್ ಆಗಿ 2022ರಲ್ಲಿ ತೀರ್ಥಹಳ್ಳಿಯಿಂದ ಇಂಗ್ಲೆಂಡಿಗೆ ಹೋದಳು. "ನಮ್ಮ ವಾರ್ಡಿನಲ್ಲಿ ಮೊದಲು ಸ್ಪೇನ್, ಪೋರ್ಚುಗಲ್ ಕಡೆಯವರು ಜಾಸ್ತಿ ಇದ್ದರಂತೆ ಮಾವ. ಈಗ ನೈಟ್ ಡ್ಯೂಟಿಯಲ್ಲಿ ಮಲಯಾಳಂ ಕೇಳಿಸುತ್ತೆ, ಒಮ್ಮೊಮ್ಮೆ ಕನ್ನಡವೂ" ಅಂತಾಳೆ.

ಲಾಭ ಏನೂ ಇಲ್ಲ ಅಂತ ನಾನು ಹೇಳುವುದಿಲ್ಲ. ಒಕ್ಕೂಟದಲ್ಲಿದ್ದರೆ ಬೇರೆ ದೇಶಗಳ ಜೊತೆ ವ್ಯಾಪಾರದ ಮಾತುಕತೆಯನ್ನು ಒಕ್ಕೂಟವೇ ಆಡುತ್ತದೆ. ಹೊರಗೆ ಬಂದಿದ್ದರಿಂದಲೇ ಬ್ರಿಟನ್ ನಮ್ಮ ಜೊತೆ 2025ರ ಜುಲೈ 24ಕ್ಕೆ ಒಪ್ಪಂದಕ್ಕೆ ಸಹಿ ಹಾಕಲು ಆಯ್ತು. ಆ ಒಪ್ಪಂದದ ಪ್ರಕಾರ ವಿಸ್ಕಿಯ ಮೇಲಿನ ನಮ್ಮ ಸುಂಕ ಶೇ 150ರಿಂದ 75ಕ್ಕೆ, ಹತ್ತು ವರ್ಷದಲ್ಲಿ 40ಕ್ಕೆ ಇಳಿಯಬೇಕು. ಹಾಲಿನ ಪದಾರ್ಥಗಳನ್ನು ಭಾರತ ಹೊರಗೇ ಇಟ್ಟಿದೆ. ಆದರೆ ದೂರದ ನಾಲ್ಕು ಗಿರಾಕಿಗಳು ಸೇರಿದರೂ ಪಕ್ಕದ ಬೀದಿಯ ದೊಡ್ಡ ಗಿರಾಕಿಯ ಜಾಗ ತುಂಬುವುದು ಕಷ್ಟ. ಇದು ಯಾವ ಮಂಡಿಯವರಿಗೂ ಗೊತ್ತು.

ಈಗ ನಿಮ್ಮ ಎರಡನೇ ಪ್ರಶ್ನೆ. 2019ರ ನವೆಂಬರ್ 4ಕ್ಕೆ ಭಾರತ ಆರ್‌ಸಿಇಪಿ ಅನ್ನುವ ಏಷ್ಯಾ-ಪೆಸಿಫಿಕ್ ದೇಶಗಳ ವ್ಯಾಪಾರ ಒಪ್ಪಂದ ಸೇರುವುದಿಲ್ಲ ಅಂದಾಗ ನಾವೆಲ್ಲ ನೆಮ್ಮದಿಯ ಉಸಿರು ಬಿಟ್ಟೆವು. ಇಂಡೋನೇಷ್ಯಾದ ಅಡಿಕೆ, ನ್ಯೂಜಿಲೆಂಡಿನ ಹಾಲಿನ ಪುಡಿ ಬಂದು ಬೀಳುತ್ತದೆ ಅಂತ ಭಯ ಇತ್ತು. ಆ ಭಯ ಸುಮ್ನೆ ಅಲ್ಲ. ಆದರೆ ಸೇರದೆ ಇರುವುದು ಬೇರೆ, 47 ವರ್ಷ ಒಳಗಿದ್ದು ಹೊರಗೆ ಬರುವುದು ಬೇರೆ. ಅಷ್ಟು ವರ್ಷದಲ್ಲಿ ಕಾರ್ಖಾನೆ, ಲಾರಿ, ಕೆಲಸಗಾರರು ಎಲ್ಲ ಆ ವ್ಯವಸ್ಥೆಗೆ ಹೊಂದಿಕೊಂಡಿರುತ್ತಾರೆ. ನಮಗೆ ಆಗಿದ್ದು ಅದಕ್ಕೆ ತಿರುಗುಮುರುಗು. ಬ್ರಿಟನ್ ಹೊರಡುವ ನೋಟಿಸ್ ಕೊಟ್ಟ ವರ್ಷವೇ, 2017ರ ಜುಲೈ 1ಕ್ಕೆ, ನಮ್ಮಲ್ಲಿ ಜಿಎಸ್‌ಟಿ ಬಂತು. ಜಿಎಸ್‌ಟಿ ಬಗ್ಗೆ ಬೇರೆ ದೂರು ಏನೇ ಇರಲಿ, ನನ್ನ ಸೋಮವಾರದ ಫೋನ್ ನಿಂತಿತು.

ದೂರ ಇದ್ದರೆ ಸಾಕು ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ವಿಯೆಟ್ನಾಂ ಮೆಣಸು ಎಲ್ಲವೂ ನಮ್ಮಲ್ಲಿಗೆ ನೇರವಾಗಿ ಬರಲಿಲ್ಲ. ಎಷ್ಟೋ ಮಾಲು ಶ್ರೀಲಂಕಾದ್ದು ಅನ್ನುವ ಪ್ರಮಾಣಪತ್ರ ಹೊತ್ತು, ಕಡಿಮೆ ಸುಂಕಕ್ಕೆ ಒಳಗೆ ಬಂತು. ಕೊಪ್ಪ, ಮೂಡಿಗೆರೆ ಕಡೆ ಬೆಳೆಗಾರರು ಗಲಾಟೆ ಮಾಡಿದ ಮೇಲೆ 2017ರ ಡಿಸೆಂಬರ್‌ನಲ್ಲಿ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಬಂತು, ಅಂದರೆ ಅದಕ್ಕಿಂತ ಕಡಿಮೆ ಬೆಲೆಗೆ ಹೊರಗಿನಿಂದ ತರುವಂತಿಲ್ಲ. ಅಡಿಕೆಗೆ ಅದು 2023ರಲ್ಲಿ 351 ರೂಪಾಯಿ ಆಯ್ತು. ಭೂತಾನಿನ 17,000 ಟನ್ ಹಸಿ ಅಡಿಕೆಗೆ ಮಾತ್ರ ಅದು ಲೆಕ್ಕಕ್ಕಿಲ್ಲ. ಹಾಗಾಗಿ ಮುಂದೆ ಯಾವುದೇ ಒಪ್ಪಂದದ ಸುದ್ದಿ ಬಂದರೆ ಸೇರಬೇಕೋ ಬೇಡವೋ ಅಂತ ಜಗಳ ಶುರು ಮಾಡುವ ಮುಂಚೆ ಪಟ್ಟಿ ತೆಗೆದು ನೋಡಿ. ನಮ್ಮ ಅಡಿಕೆ, ಮೆಣಸು, ಏಲಕ್ಕಿ ಯಾವ ಸಾಲಿನಲ್ಲಿವೆ, ಮಾಲು ಎಲ್ಲಿ ಬೆಳೆದದ್ದು ಅನ್ನುವ ಕಾಗದವನ್ನು ಬಂದರಿನಲ್ಲಿ ಯಾರು ಪರೀಕ್ಷೆ ಮಾಡುತ್ತಾರೆ ಅನ್ನುವುದನ್ನು ನಿಮ್ಮ ಸಂಸದರನ್ನು ಕೇಳಿ. ನಾನು ಕೇಳುತ್ತಲೇ ಇದ್ದೇನೆ.