ಗಾಯಕಿಯರು ವೇದಿಕೆ ಮೇಲೆ ಅಷ್ಟೊಂದು ಮೈ ಆಡಿಸುವುದು ಯಾಕೆ? ಕಂಠ ಚೆನ್ನಾಗಿದ್ದರೆ ಸಾಲದಾ?

ಈ ಪ್ರಶ್ನೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಹನ್ನೊಂದು ವರ್ಷ ಸಂಗೀತ ಕಲಿತವಳು ನಾನು. ನಮ್ಮ ಪಾಠದ ಮೊದಲ ನಿಯಮವೇ ‘ಅಲುಗಾಡಬೇಡ’. ತೊಡೆ ಮೇಲೆ ತಾಳ ಸ್ವಲ್ಪ ಜೋರಾಗಿ ಬಿದ್ದರೂ ಮೇಷ್ಟ್ರು ಹುಬ್ಬು ಗಂಟಿಕ್ಕುತ್ತಿದ್ದರು. ಹುಡುಗರು ಕೈ ಬೀಸಿ ಹಾಡಿದರೆ ‘ಭಾವ ತುಂಬಿ ಹಾಡ್ತಾನೆ’, ನಾವು ಬೀಸಿದರೆ ‘ಏನದು ಆಟ’!

ಹಾಗಾಗಿ ಛತ್ತೀಸ್‌ಗಢದ ಜನಪದ ಗಾಯಕಿ ತೀಜನ್ ಬಾಯಿಯವರನ್ನು ಮೊದಲ ಸಲ ಟಿವಿಯಲ್ಲಿ ನೋಡಿದಾಗ ನನಗೆ ಗಾಬರಿಯೇ ಆಯಿತು. ಪಕ್ಕದಲ್ಲಿ ಅಜ್ಜಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ತಲೆಯೆತ್ತಿ ‘ಅಯ್ಯೋ, ಯಾರೇ ಇವಳು, ಹಿಂಗೆ ಗರ್ಜಿಸ್ತಾಳೆ!’ ಅಂದರು. ಆಮೇಲೆ ಒಂದು ಕಾಯನ್ನೂ ಬಿಡಿಸಲಿಲ್ಲ. ಅಜ್ಜಿಗೆ ಹಿಂದಿಯೇ ಬರುತ್ತಿರಲಿಲ್ಲ, ಇನ್ನು ಛತ್ತೀಸ್‌ಗಢಿ ಎಲ್ಲಿಂದ ಬರಬೇಕು? ಆದರೂ ಸ್ವಲ್ಪ ಹೊತ್ತಿಗೆ ‘ದುಶ್ಶಾಸನನ್ನ ಕೊಲ್ತಿದಾಳೆ ಅಲ್ವೇನೇ?’ ಅಂದರು. ಹೌದು, ಅದೇ ಪ್ರಸಂಗ. ಮೈ ನೋಡಿಯೇ ಗೊತ್ತಾಗಿತ್ತು.

ಅವರು ಹಾಡುವುದು ಪಂಡವಾನಿ. ಅಂದರೆ ಛತ್ತೀಸ್‌ಗಢದ ಹಳ್ಳಿಗರ ಮಹಾಭಾರತ. ಅದರಲ್ಲಿ ಎರಡು ಬಗೆ. ಕೂತು ಹಾಡುವುದು ವೇದಮತಿ. ಎದ್ದು ನಿಂತು, ಪಾತ್ರವೇ ಆಗಿ ಹಾಡುವುದು ಕಾಪಾಲಿಕ. ಹೆಂಗಸರು ಹಾಡಿದರೆ ಕೂತೇ ಹಾಡಬೇಕು ಅನ್ನುವುದು ಆಗಿನ ರೂಢಿ. ತೀಜನ್ ಎದ್ದು ನಿಂತರು. ಭಿಲಾಯಿ ಹತ್ತಿರದ ಗನಿಯಾರಿ ಎಂಬ ಊರಲ್ಲಿ 1956ರಲ್ಲಿ ಹುಟ್ಟಿದವರು. ತಾಯಿಯ ತಂದೆ ಬ್ರಿಜ್‌ಲಾಲ್ ಹಾಡುತ್ತಿದ್ದ ಕತೆಯನ್ನು ಕೇಳಿ ಕೇಳಿಯೇ ಬಾಯಿಪಾಠ ಮಾಡಿಕೊಂಡರು. 13ನೇ ವಯಸ್ಸಿಗೆ ಪಕ್ಕದ ಹಳ್ಳಿಯೊಂದರಲ್ಲಿ ಮೊದಲ ಕಾರ್ಯಕ್ರಮ, ಸಿಕ್ಕಿದ್ದು 10 ರೂಪಾಯಿ. ಹಾಡಿದ್ದಕ್ಕೆ ಜಾತಿಯವರು ಬಹಿಷ್ಕಾರ ಹಾಕಿದರು. ತಾವೇ ಒಂದು ಗುಡಿಸಲು ಕಟ್ಟಿಕೊಂಡು, ಪಾತ್ರೆ ಪಡಗವನ್ನು ಅಕ್ಕಪಕ್ಕದವರಿಂದ ಕಡ ತಂದು ಬದುಕಿದರು. ಹಾಡು ಮಾತ್ರ ಬಿಡಲಿಲ್ಲ. ಮುಂದೆ ರಂಗಕರ್ಮಿ ಹಬೀಬ್ ತನ್ವೀರ್ ಕಣ್ಣಿಗೆ ಬಿದ್ದರು, ದೇಶವಿದೇಶ ಸುತ್ತಿದರು. 2019ರಲ್ಲಿ ಪದ್ಮವಿಭೂಷಣವೂ ಬಂತು.

ಈಗ ಮೈ ವಿಷಯಕ್ಕೆ ಬರುತ್ತೇನೆ. ವೇದಿಕೆ ಮೇಲೆ ಮೈ ಆಡಿಸುವ ಹೆಂಗಸನ್ನು ‘ಬೋಲ್ಡ್’ ಅಂದ ಕೂಡಲೇ ನಮಗೆ ಬಟ್ಟೆಯ ಚಿಂತೆ ಶುರುವಾಗುತ್ತದೆ. ಈಕೆ ಉಡುವುದು ಊರಿನ ಹೆಂಗಸರ ಸೀರೆ. ಮೈ ತುಂಬಾ ಒಡವೆ, ಹಣೆಯಲ್ಲಿ ದೊಡ್ಡ ಕುಂಕುಮ, ತುಟಿಯೆಲ್ಲ ಎಲೆಅಡಿಕೆಯ ಕೆಂಪು. ಒಂದು ಕೈಯಲ್ಲಿ ನವಿಲುಗರಿ ಕಟ್ಟಿದ ತಂಬೂರಿ. ಅದನ್ನು ಹೆಗಲಿಗೇರಿಸಿದರೆ ಭೀಮನ ಗದೆ. ಅಡ್ಡ ಹಿಡಿದರೆ ಅರ್ಜುನನ ಬಿಲ್ಲು. ಒಮ್ಮೊಮ್ಮೆ ಅದೇ ದ್ರೌಪದಿಯ ಜಡೆ. ಹಿಂದೆ ಕೂತ ಮೇಳದಲ್ಲಿ ಒಬ್ಬ ಹೂಂಗುಟ್ಟುತ್ತಿರುತ್ತಾನೆ, ನಡುನಡುವೆ ಪ್ರಶ್ನೆ ಕೇಳುತ್ತಾನೆ. ಅವನಿಗೆ ‘ರಾಗಿ’ ಅನ್ನುತ್ತಾರೆ (ನಮ್ಮ ಮುದ್ದೆಗೂ ಅದಕ್ಕೂ ಸಂಬಂಧವಿಲ್ಲ). ಅವನ ಕಡೆ ತಿರುಗಿ ನಗುತ್ತಾ ಮಾತಾಡುತ್ತಿದ್ದ ಹೆಂಗಸು, ಒಂದು ಹೆಜ್ಜೆ ಮುಂದಿಟ್ಟರೆ ಸಾಕು, ಭೀಮ. ವೇಷ ಬದಲಾಯಿಸಲು ಪರದೆಯಿಲ್ಲ, ಚೌಕಿಯಿಲ್ಲ. ಇರುವ ಒಂದೇ ಮೈಯಲ್ಲಿ ಕೌರವರೂ ಪಾಂಡವರೂ ಕಾದಾಡಬೇಕು. ಅದನ್ನು ಕಟ್ಟಿಹಾಕಿದರೆ ಅರ್ಧ ಕತೆಯೇ ಇಲ್ಲ. ನಮ್ಮ ಹರಿಕಥೆ ದಾಸರು ಗೆಜ್ಜೆ ಕಟ್ಟಿ, ಚಿಟಿಕೆ ಹಿಡಿದು ನಿಂತಾಗ ಇದೇ ಪ್ರಶ್ನೆಯನ್ನು ನಾವು ಕೇಳುವುದಿಲ್ಲ ಅಲ್ವಾ?

ಹಾಗಂತ ಎಲ್ಲರೂ ಕುಣಿಯಲೇಬೇಕು ಅಂತ ನಾನು ಹೇಳುತ್ತಿಲ್ಲ. ಸುಮ್ನೆ ಗಾಳಿಯಲ್ಲಿ ಕೈ ತಿರುಗಿಸುವವರನ್ನು ಕಂಡರೆ ನನಗೂ ಸುಸ್ತು. ಗಂಗೂಬಾಯಿ ಹಾನಗಲ್ ಕೂತ ಜಾಗದಿಂದಲೇ ಹಾಡಿದವರು. ಗಂಟಲ ಚಿಕಿತ್ಸೆಯ ನಂತರ ಗಡುಸಾದ ದನಿಯನ್ನು ಅವರು ಮುಚ್ಚಿಟ್ಟುಕೊಳ್ಳಲಿಲ್ಲ, ಹೆಣ್ಣು ದನಿ ಹೀಗಿರಬೇಕು ಅನ್ನುವವರ ಮುಂದೆಯೇ ತುಂಬು ಗಂಟಲಲ್ಲಿ ಹಾಡಿದರು. ದನಿಯೂ ಮೈಯೇ ತಾನೇ?

ನೀವು ಒಂದು ಕೆಲಸ ಮಾಡಿ. ತೀಜನ್ ಬಾಯಿಯ ದುಶ್ಶಾಸನ ವಧೆಯ ವಿಡಿಯೋ ಹುಡುಕಿ, ಮೊದಲು ಸೌಂಡ್ ತೆಗೆದು ಹತ್ತು ನಿಮಿಷ ನೋಡಿ. ಆಮೇಲೆ ಅದೇ ಹತ್ತು ನಿಮಿಷವನ್ನು ಕಣ್ಣು ಮುಚ್ಚಿ ಕೇಳಿ. ಯಾವುದರಲ್ಲಿ ಕತೆ ಜಾಸ್ತಿ ಸಿಕ್ಕಿತು ಅಂತ ಇಲ್ಲೇ ಕೆಳಗೆ ಬರೆಯಿರಿ. ನಮ್ಮಜ್ಜಿಯ ಉತ್ತರ ಏನು ಅಂತ ನಿಮಗೆ ಗೊತ್ತೇ ಇದೆ.