ತಟ್ಟೆ ವಾಪಸು ಹೋಗುವ ಮುನ್ನ ಮುಚ್ಚಳ ತೆಗೆದು ನೋಡಿ

ಪ್ರಶ್ನೆ: ಅಮ್ಮನಿಗೆ 78 ವರ್ಷ, ತೂಕ 48 ಕೆ.ಜಿ. ಬಿದ್ದು ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ ಇಂದಿಗೆ 12 ದಿನ. ಆಸ್ಪತ್ರೆಯ ಊಟ ಅವರಿಗೆ ಸೇರುತ್ತಲೇ ಇಲ್ಲ. ಬೆಳಿಗ್ಗೆ ಅರ್ಧ ಬಟ್ಟಲು ಗಂಜಿ, ಮಧ್ಯಾಹ್ನ ನಾಲ್ಕು ಚಮಚ ಅನ್ನ, ಒಂದಿಷ್ಟು ತಿಳಿ ಸೂಪು, ಸಂಜೆ ಚಹಾದ ಜೊತೆ ಎರಡು ಬಿಸ್ಕತ್ತು, ರಾತ್ರಿ ಅರ್ಧ ಲೋಟ ಹಾಲು. ಮಿಕ್ಕಿದ್ದೆಲ್ಲ ತಟ್ಟೆಯಲ್ಲೇ ವಾಪಸು. ಕಟ್ಟಿಸಿದ ಹಲ್ಲು ಎಲ್ಲಾದರೂ ಕಳೆದುಹೋದೀತೆಂದು ಮನೆಯಲ್ಲೇ ಇಟ್ಟಿದ್ದೇನೆ. ಊಟದ ಗುಣಮಟ್ಟ ಸರಿಯಿಲ್ಲವೆಂದು ದೂರು ಕೊಡಲೇ?
– ಮಗಳು, ಹೆಸರು ಬೇಡ

ಉತ್ತರ: ಮೊದಲು ಮನೆಗೆ ಹೋಗಿ ಆ ಹಲ್ಲಿನ ಸೆಟ್ ತನ್ನಿ. ದೂರಿನ ಮಾತು ಆಮೇಲೆ.

ಪತ್ರದ ಕೊನೆಗೆ ಒಂದೇ ಸಾಲಿನಲ್ಲಿ ನೀವು ಅದನ್ನು ಹೇಳಿ ಮುಗಿಸಿದ್ದೀರಿ. ನನ್ನ ಕಣ್ಣು ನೆಟ್ಟಿದ್ದು ಅಲ್ಲೇ. ಹಲ್ಲಿಲ್ಲದ ಬಾಯಿಗೆ ಯಾವ ಅಡುಗೆಮನೆಯಿಂದ ಎಂಥ ಊಟ ಬಂದರೂ ಗಂಜಿಯೇ ಗತಿ. 12 ದಿನ ಹಾಕದೇ ಇದ್ದುದರಿಂದ ಈಗ ಸೆಟ್ ಸ್ವಲ್ಪ ಸಡಿಲ ಅನ್ನಿಸಬಹುದು, ಒಸಡು ನೋಯಲೂಬಹುದು. ಹಾಗಾದರೆ ದಂತವೈದ್ಯರಿಗೆ ತೋರಿಸಿ. ಹೆಸರು ಬರೆದ ಡಬ್ಬಿಯೊಂದನ್ನು ಹಾಸಿಗೆಯ ಪಕ್ಕ ಇಟ್ಟರೆ ಕಳೆಯುವ ಭಯವಿಲ್ಲ.

ಇನ್ನು ನೀವು ಕೊಟ್ಟ ಪಟ್ಟಿ. ಕಾಗದ ಹಿಡಿದು ಕೂತು ಲೆಕ್ಕ ಹಾಕಿದೆ. ದಿನಕ್ಕೆ 15 ಗ್ರಾಂ ಪ್ರೋಟೀನ್ ಮುಟ್ಟುವುದೂ ಅನುಮಾನ. ಆಸ್ಪತ್ರೆಯಲ್ಲಿ ಮಲಗಿರುವ ವಯಸ್ಸಾದವರಿಗೆ ತೂಕದ ಪ್ರತಿ ಕೆ.ಜಿ.ಗೆ ಸುಮಾರು 1.2 ಗ್ರಾಂ ಲೆಕ್ಕದಲ್ಲಿ ನಿಮ್ಮ ತಾಯಿಗೆ ಬೇಕಿರುವುದು 58 ಗ್ರಾಂ. ಕ್ಯಾಲರಿ 1,400ರ ಆಸುಪಾಸು. ಮುರಿದ ಮೂಳೆ ಕೂಡಬೇಕು, ಹೊಲಿಗೆ ಹಾಕಿದ ಗಾಯ ಮಾಯಬೇಕು. ಹೊರಗಿನಿಂದ ಬಾರದ ಪ್ರೋಟೀನನ್ನು ದೇಹ ಸ್ವಂತ ಮಾಂಸಖಂಡದಿಂದಲೇ ಕಿತ್ತುಕೊಳ್ಳುತ್ತದೆ. ಅದರ ಜೊತೆಗೆ ಮಲಗಿದ್ದೇ ಒಂದು ನಷ್ಟ. ಆರೋಗ್ಯವಾಗಿದ್ದ ಹಿರಿಯರನ್ನೇ ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿ ಅಳೆದಿದ್ದಾರೆ. ಕಾಲುಗಳಿಂದಲೇ ಹತ್ತಿರ ಹತ್ತಿರ ಒಂದು ಕೆ.ಜಿ. ಮಾಂಸಖಂಡ ಕರಗಿತ್ತು. ಆಪರೇಷನ್ ಚೆನ್ನಾಗಿ ಆಗಿದ್ದರೂ ಎದ್ದು ನಿಲ್ಲಲು ಕಾಲಿನಲ್ಲಿ ಬಲವಿಲ್ಲ ಅನ್ನುವ ಅಜ್ಜಿಯರನ್ನು ನಾನು ಎಷ್ಟೋ ಮಂದಿ ನೋಡಿದ್ದೇನೆ.

ಡಯಟಿಷಿಯನ್ ಆಗಿ 26 ವರ್ಷ ವಾರ್ಡುಗಳಲ್ಲಿ ಓಡಾಡಿದವಳು ನಾನು. ಊಟದ ಗುಣಮಟ್ಟವನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದ ಮೆನುವಿನಲ್ಲಿ ನೋಡುವುದನ್ನು ಮೊದಲ ವರ್ಷವೇ ಬಿಟ್ಟೆ. ಒಂದು ಮಧ್ಯಾಹ್ನ ವಾಪಸು ಹೊರಟ ಗಾಡಿಯನ್ನು ನಿಲ್ಲಿಸಿ ತಟ್ಟೆಗಳ ಮುಚ್ಚಳ ಒಂದೊಂದಾಗಿ ತೆಗೆದೆ. ಒಂದರಲ್ಲಿ ಬೇಯಿಸಿದ ಮೊಟ್ಟೆ ಸಿಪ್ಪೆಯ ಸಮೇತ ಹಾಗೇ ಇತ್ತು. ಆ ರೋಗಿಯ ಬಲಗೈಗೆ ಸೂಜಿ ಹಾಕಿ ಪಟ್ಟಿ ಸುತ್ತಿದ್ದರು. ಒಂದೇ ಕೈಯಲ್ಲಿ ಸುಲಿಯುವುದು ಹೇಗೆ? ಇನ್ನೊಂದರಲ್ಲಿ ಮೊಸರಿನ ಕಪ್ಪಿನ ಮೇಲಿನ ಹಾಳೆ ಒಂದು ಮೂಲೆಯಲ್ಲಿ ಮಾತ್ರ ಸುಕ್ಕಾಗಿತ್ತು. ಯಾರೋ ಉಗುರಿನಿಂದ ಎಬ್ಬಿಸಲು ನೋಡಿ ಕೈಬಿಟ್ಟಿದ್ದರು. ಮೂರನೆಯದು ಎಕ್ಸರೇಗೆ ಹೋದವರ ತಟ್ಟೆ, ಅವರು ಹಿಂತಿರುಗುವಷ್ಟರಲ್ಲಿ ಗಾಡಿಗೇರಿತ್ತು. ಮೊಟ್ಟೆಯ 6 ಗ್ರಾಂ ಪ್ರೋಟೀನ್ ಕಾಗದದಲ್ಲಿ ಆ ರೋಗಿಯ ಲೆಕ್ಕಕ್ಕೇ ಸೇರಿತು. ಹೊಟ್ಟೆಗೆ ಸೇರಲಿಲ್ಲ.

ಇದು ಹೊಸ ಸಂಗತಿಯೂ ಅಲ್ಲ. ರೋಗಿ ಮುಟ್ಟದ ಊಟವನ್ನು ಆಮೇಲೆ ತಿಂದಾರು ಎಂದು ಪಕ್ಕದಲ್ಲೇ ಬಿಟ್ಟು ಹೋದರೆ ಅವರು ಏನನ್ನೂ ತಿನ್ನದಂತೆ ಮಾಡಿದ ಹಾಗೆ ಎಂದು ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲೇ ಬರೆದಿದ್ದರು. ಊಟ ಸರಿಯಾಗಿ ಹೊಟ್ಟೆಗೆ ಸೇರಿದರೆ ಎಷ್ಟು ವ್ಯತ್ಯಾಸ ಅನ್ನುವುದನ್ನೂ ಅಳೆದು ನೋಡಿದ್ದಾರೆ. ಸ್ವಿಟ್ಜರ್ಲೆಂಡಿನ 8 ಆಸ್ಪತ್ರೆಗಳಲ್ಲಿ ಅಪೌಷ್ಟಿಕತೆಯ ಅಪಾಯವಿದ್ದ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಎಂದಿನ ಊಟ, ಉಳಿದವರಿಗೆ ಡಯಟಿಷಿಯನ್ ಒಬ್ಬೊಬ್ಬರ ಗುರಿ ಗೊತ್ತುಮಾಡಿ ಬೆನ್ನುಹತ್ತಿ ಕೊಡಿಸಿದ ಊಟ. 30 ದಿನಗಳಲ್ಲಿ ಮೊದಲ ಗುಂಪಿನಲ್ಲಿ ನೂರಕ್ಕೆ 10 ಮಂದಿ ತೀರಿಕೊಂಡಿದ್ದರೆ ಎರಡನೆಯದರಲ್ಲಿ 7. ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಔಷಧಿಯ ಬಗ್ಗೆ ಇಂಥ ಅಂಕಿ ಬಂದಿದ್ದರೆ ಪ್ರತಿ ವಾರ್ಡಿನಲ್ಲೂ ಅದರದೇ ಮಾತಾಗುತ್ತಿತ್ತು ಎಂದು ನಾನು ನಂಬಿದ್ದೇನೆ.

ಆದ್ದರಿಂದ ಊಟದ ಹೊತ್ತಿಗೆ ನೀವು ಅಲ್ಲಿರಿ. ತಾಯಿಯನ್ನು ದಿಂಬು ಕೊಟ್ಟು ನೆಟ್ಟಗೆ ಕೂರಿಸಿ, ಕನ್ನಡಕ ಹಾಕಿ, ಮುಚ್ಚಳಗಳನ್ನು ತೆಗೆದುಕೊಡಿ. ತಿನಿಸಲು ಆತುರ ಬೇಡ. ತಟ್ಟೆಯಲ್ಲಿ ಪ್ರೋಟೀನ್ ಇರುವುದನ್ನು ಮೊದಲು ಕೊಡಿ, ಸೂಪು ಕೊನೆಗಿರಲಿ. ಸೂಪು ಕುಡಿದರೆ ಹೊಟ್ಟೆ ತುಂಬುತ್ತದೆ, ಅದರಲ್ಲಿ ಸತ್ವ ಕಡಿಮೆ. ಗಂಜಿಯನ್ನೇ ಇಷ್ಟಪಡುತ್ತಾರೆಂದರೆ ಅದಕ್ಕೇ ಎರಡು ದೊಡ್ಡ ಚಮಚ ಹಾಲಿನ ಪುಡಿ ಕದಡಿ; 5 ಗ್ರಾಂ ಪ್ರೋಟೀನ್ ಸೇರಿತು. ಮೇಲೆ ಒಂದು ಚಮಚ ಬೆಣ್ಣೆ. ಬಟ್ಟಲು ಅಷ್ಟೇ, ಒಳಗಿನ ಸತ್ವ ಹೆಚ್ಚು. ಮೂರು ಹೊತ್ತಿನ ಬದಲು ಆರು ಸಲ ಸ್ವಲ್ಪ ಸ್ವಲ್ಪ. ಕಿಡ್ನಿ ತೊಂದರೆ, ಸಕ್ಕರೆ ಕಾಯಿಲೆ ಇದ್ದರೆ ಇದನ್ನೆಲ್ಲ ಕೇಳಿಯೇ ಮಾಡಬೇಕು. ನುಂಗುವಾಗ ಕೆಮ್ಮು ಬರುತ್ತಿದ್ದರೆ ಬಾಯಿಗೆ ಏನನ್ನೂ ಹಾಕದೆ ತಕ್ಷಣ ನರ್ಸ್‌ಗೆ ತಿಳಿಸಿ.

ಒಂದು ಎಚ್ಚರಿಕೆ. ಇಷ್ಟು ದಿನ ಅರೆಹೊಟ್ಟೆಯಲ್ಲಿದ್ದವರಿಗೆ ಒಂದೇ ದಿನ ಪೂರ್ತಿ ಊಟ ತುಂಬಬೇಡಿ. ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ದಿಢೀರನೆ ಇಳಿದು ಹೃದಯದ ಬಡಿತವೇ ಏರುಪೇರಾಗುವುದುಂಟು. ವೈದ್ಯರಿಗೆ ಹೇಳಿ, ರಕ್ತ ಪರೀಕ್ಷೆಯ ಮೇಲೆ ಕಣ್ಣಿಟ್ಟು ನಿಧಾನಕ್ಕೆ ಏರಿಸಬೇಕು.

ದೂರು? ಖಂಡಿತ ಕೊಡಿ. ಆದರೆ ‘ಊಟ ಚೆನ್ನಾಗಿಲ್ಲ’ ಎಂದು ಬರೆದರೆ ಯಾರಿಗೂ ನಾಟುವುದಿಲ್ಲ. ಮೂರು ದಿನ ಪ್ರತಿ ತಟ್ಟೆಯಲ್ಲಿ ಏನು ಬಂತು, ಎಷ್ಟು ಉಳಿಯಿತು ಎಂದು ಗುರುತು ಹಾಕಿಕೊಳ್ಳಿ. ಆ ಕಾಗದ ಹಿಡಿದು ಡ್ಯೂಟಿ ಡಾಕ್ಟರನ್ನು ಕೇಳಿ: ಸೇರಿಸಿದಾಗಿನ ತೂಕ ಎಷ್ಟಿತ್ತು, ಈಗೆಷ್ಟು, ಡಯಟಿಷಿಯನ್ ಯಾವತ್ತು ಬಂದು ನೋಡುತ್ತಾರೆ?

ಪ್ರಶ್ನೆ: ನಮ್ಮವರ ಆಪರೇಷನ್ ಎರಡು ದಿನದಿಂದ ಮುಂದಕ್ಕೆ ಹೋಗುತ್ತಲೇ ಇದೆ. ರಾತ್ರಿಯಿಂದ ಉಪವಾಸ, ಸಂಜೆ ‘ನಾಳೆ’ ಅನ್ನುತ್ತಾರೆ. ಗ್ಲೂಕೋಸ್ ಹೋಗುತ್ತಿದೆಯಲ್ಲ, ಚಿಂತೆ ಬೇಡ ಎನ್ನುತ್ತಾರೆ. ಡ್ರಿಪ್ ಊಟಕ್ಕೆ ಸಮವೇ?
– ಓದುಗರೊಬ್ಬರು

ಉತ್ತರ: ಅಲ್ಲ. ಸಾಮಾನ್ಯವಾಗಿ ಹಾಕುವ 5 ಪರ್ಸೆಂಟ್ ಗ್ಲೂಕೋಸಿನ ಒಂದು ಲೀಟರಿನಲ್ಲಿ 50 ಗ್ರಾಂ ಸಕ್ಕರೆಯಂಶ, ಅಂದರೆ 170 ಕ್ಯಾಲರಿ. ಪ್ರೋಟೀನ್ ಸೊನ್ನೆ. ಬರೀ ಸಲೈನ್ ಆದರೆ ಕ್ಯಾಲರಿಯೂ ಸೊನ್ನೆ. ಡ್ರಿಪ್ ಇರುವುದು ನೀರು, ಲವಣದ ಕೊರತೆ ತುಂಬಲು.

ನಮ್ಮ ತಂದೆಯನ್ನು ಸೇರಿಸಿದ್ದ ಆಸ್ಪತ್ರೆಯಲ್ಲೂ ಹೀಗೇ ಆಯಿತು. ಹಾಸಿಗೆಯ ತಲೆಗೆ ‘ಬಾಯಿಗೆ ಏನೂ ಇಲ್ಲ’ ಎಂಬ ಚೀಟಿ ತೂಗುಹಾಕಿದ್ದರು. ಪರೀಕ್ಷೆ ರದ್ದಾದರೂ ಚೀಟಿ ತೆಗೆಯಲು ಯಾರಿಗೂ ನೆನಪಾಗಲಿಲ್ಲ. ಆ ಚೀಟಿ ನೋಡಿ ಊಟದ ಗಾಡಿ ಮೂರು ಸಲ ಅವರನ್ನು ದಾಟಿ ಹೋಯಿತು. ಅಪ್ಪ ಬಾಯಿಬಿಟ್ಟು ಕೇಳುವವರಲ್ಲ. ಇವತ್ತಿಗೂ ಅದನ್ನು ನೆನೆದರೆ ನನಗೆ ಗಂಟಲು ಕಟ್ಟುತ್ತದೆ.

ಮೊದಲೇ ಗೊತ್ತುಮಾಡಿದ ಆಪರೇಷನ್‌ಗೆ ಈಗಿನ ರೂಢಿಯಲ್ಲಿ ಹಗುರ ಊಟ 6 ಗಂಟೆ ಮುಂಚಿನವರೆಗೆ, ನೀರಿನಂಥ ತಿಳಿ ಪಾನೀಯ 2 ಗಂಟೆ ಮುಂಚಿನವರೆಗೆ ನಡೆಯುತ್ತದೆ. ಕೆಲವು ಕಾಯಿಲೆಗಳಲ್ಲಿ ನಡೆಯುವುದಿಲ್ಲ, ಅಲ್ಲಿ ಅರಿವಳಿಕೆ ವೈದ್ಯರ ಮಾತೇ ಕೊನೆ. ಬೆಳಿಗ್ಗೆಯೇ ಅವರನ್ನು ಕೇಳಿ: ಪಟ್ಟಿಯಲ್ಲಿ ಎಷ್ಟನೆಯವರು, ಎಷ್ಟು ಹೊತ್ತಿನವರೆಗೆ ಏನು ಕೊಡಬಹುದು? ಮುಂದೂಡಿದರು ಅಂದ ಕೂಡಲೇ ಊಟ ತರಿಸಿಕೊಡಿ ಎಂದು ಕೇಳಿ. ಮುಂದಿನ ಹೊತ್ತಿನವರೆಗೆ ಕಾಯಬೇಡಿ.

ಪ್ರಶ್ನೆ: ತಂದೆಗೆ 81 ವರ್ಷ, ಹೃದಯದ ತೊಂದರೆ. ಆಸ್ಪತ್ರೆಯ ಉಪ್ಪಿಲ್ಲದ ಊಟ ಬಾಯಿಗಿಡಲು ಒಪ್ಪುತ್ತಿಲ್ಲ. ಏನು ಮಾಡಲಿ?
– ಓದುಗರೊಬ್ಬರು

ಉತ್ತರ: ಹೃದಯದ ವೈದ್ಯರಿಗೆ ನೇರವಾಗಿ ಹೇಳಿ: ‘ಪಥ್ಯ ಸರಿಯಾಗಿದೆ, ಆದರೆ ಅಪ್ಪ ತಿನ್ನುತ್ತಿಲ್ಲ.’ ಸ್ವಲ್ಪ ಉಪ್ಪು ಬಿಟ್ಟುಕೊಡಬಹುದೇ ಎಂದು ಕೇಳಿ, ಎಷ್ಟೋ ಸಲ ಒಪ್ಪುತ್ತಾರೆ. ಅಲ್ಲಿಯವರೆಗೆ ನಿಂಬೆರಸ, ಮೆಣಸಿನ ಪುಡಿ ನಾಲಿಗೆಗೆ ಆಸರೆ. ಅಂಗಡಿಯ ‘ಕಡಿಮೆ ಸೋಡಿಯಂ ಉಪ್ಪು’ ಮಾತ್ರ ತರಬೇಡಿ. ಅದರಲ್ಲಿರುವುದು ಪೊಟ್ಯಾಸಿಯಂ, ಕಿಡ್ನಿ ದುರ್ಬಲವಾಗಿದ್ದರೆ, ಹೃದಯದ ಕೆಲವು ಮಾತ್ರೆಗಳ ಜೊತೆಗೂ, ಅದು ಅಪಾಯ.