ಕ್ಯಾಂಪಿಂಗ್‌ನಲ್ಲಿ ಸೌದೆ ಬೆಂಕಿ ಹಾಕಿ ಅಡುಗೆ ಮಾಡುವುದು ಹೇಗೆ?

ಜನವರಿಯಲ್ಲಿ ಆರು ಜನ ಗೆಳೆಯರು ಸಕಲೇಶಪುರದ ಕಡೆ ಹೋಗುತ್ತಿದ್ದೀರಿ, ಟೆಂಟ್ ಹತ್ತಿರ ಸೌದೆಯಲ್ಲೇ ಅಡುಗೆ ಮಾಡಬೇಕು, ಅಪಾಯ ಆಗದ ಹಾಗೆ ಹೇಗೆ ಅಂತ ಕೇಳಿದ್ದೀರಿ. ನಾನು ಆ ಸೀಮೆಯವನೇ, ಸೌದೆ ಒಲೆಯ ಮುಂದೆ ಬೆಳೆದವನು.

ಮೊದಲು ಜಾಗ. ಕಾಯ್ದಿಟ್ಟ ಅರಣ್ಯದೊಳಗೆ ಬೆಂಕಿ ಹಚ್ಚುವುದು ಕರ್ನಾಟಕ ಅರಣ್ಯ ಕಾಯ್ದೆ 1963ರ ಪ್ರಕಾರ ಅಪರಾಧ. ಹೋಂಸ್ಟೇ ಅಂಗಳ, ಯಾರದ್ದಾದರೂ ತೋಟ, ಕೊಯ್ಲಾದ ಗದ್ದೆ ನೋಡಿಕೊಳ್ಳಿ, ಮಾಲೀಕರನ್ನು ಕೇಳಿ. ಜನವರಿಗೆ ಹುಲ್ಲು ಒಣಗಿರುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟಿದ್ದು ನೆನಪಿದೆ ಅಲ್ವಾ? ಗಾಳಿ ಜೋರಿದ್ದ ದಿನ ಬೆಂಕಿ ಬೇಡವೇ ಬೇಡ.

ಸುತ್ತ ಎರಡು ಮಾರು ತರಗೆಲೆ ಗುಡಿಸಿ, ಬರೀ ಮಣ್ಣು ಕಾಣಬೇಕು. ಮೇಲೆ ಕೊಂಬೆ ಇರಬಾರದು. ಟೆಂಟ್ ದೂರ ಇರಲಿ, ಗಾಳಿ ಬರುವ ಕಡೆಗಿರಲಿ. ಮೂರು ಕಲ್ಲು ಹೂಡಿದರೆ ಒಲೆ ಆಯಿತು. ಆದರೆ ಹಳ್ಳದಿಂದ ಎತ್ತಿದ ಕಲ್ಲು ಬೇಡ. ಒಳಗಿನ ನೀರು ಆವಿಯಾಗಿ ಕಲ್ಲು ಸಿಡಿಯುತ್ತದೆ. ಸೀಳದ ಹಸಿ ಬಿದಿರೂ ಹಾಗೇ ಸಿಡಿಯುತ್ತದೆ.

ಸೀಮೆಎಣ್ಣೆ, ಪೆಟ್ರೋಲ್ ಮುಟ್ಟಬೇಡಿ. ಒಣ ತೆಂಗಿನ ನಾರು, ಎರಡು ಬಿಲ್ಲೆ ಕರ್ಪೂರ, ಮೇಲೆ ಪುಳ್ಳೆ, ಆಮೇಲೆ ಬೆರಳು ದಪ್ಪದ ಕಡ್ಡಿ, ಕೊನೆಗೆ ಸೌದೆ. ಕಂಬಿಗೆ ಬದಲು ಕಡ್ಡಿಗೆ ಏನಾದರೂ ಪೋಣಿಸಿ ಸುಡುವುದಾದರೆ ಗೊತ್ತಿಲ್ಲದ ಗಿಡದ ಕಡ್ಡಿ ಮುರಿಯಬೇಡಿ. ಕಣಗಿಲೆಯ ಪ್ರತಿ ಭಾಗವೂ ವಿಷ.

ಉರಿ ಏಳುತ್ತಿರುವಾಗ ಸುಡಲು ಹೋದರೆ ಮೇಲೆ ಕಪ್ಪು, ಒಳಗೆ ಹಸಿ. ಅನ್ನ, ಸಾರಿಗೆ ಸಣ್ಣ ಉರಿ ಸಾಕು. ಗೆಣಸು, ಬದನೆ, ಜೋಳಕ್ಕೆ ಕೆಂಡವೇ ಬೇಕು. ಗೆಣಸನ್ನು ಬಿಸಿ ಬೂದಿಯಲ್ಲಿ ಹೂತು ಮುಕ್ಕಾಲು ಗಂಟೆ ಮರೆತುಬಿಡಿ, ಅದರ ರುಚಿಯೇ ಬೇರೆ. ಪಾತ್ರೆಯ ಹೊರಮೈಗೆ ಕೆಸರು ಬಳಿದಿಟ್ಟರೆ ಮಸಿ ತೊಳೆಯುವುದು ಸುಲಭ.

ಚಳಿ ಅಂತ ಕೆಂಡ ತುಂಬಿಕೊಂಡು ಟೆಂಟಿನೊಳಗೆ ಇಟ್ಟುಕೊಳ್ಳಬೇಡಿ. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆ ಇಲ್ಲ. ಮಲಗಿದವರಿಗೆ ಎಚ್ಚರವೇ ಆಗದೆ ಜೀವ ಹೋಗುತ್ತದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಮಾತು. ನಮ್ಮಜ್ಜಿ ರಾತ್ರಿ ಕೆಂಡಕ್ಕೆ ಬೂದಿ ಮುಚ್ಚಿ ಮಲಗುತ್ತಿದ್ದರು. ಬೆಳಿಗ್ಗೆ ಬೂದಿ ಸರಿಸಿ ಊದಿದರೆ ಮತ್ತೆ ಒಲೆ ಹತ್ತುತ್ತಿತ್ತು. ಅಂದರೆ ಮುಚ್ಚುವುದು ಬೆಂಕಿ ಉಳಿಸುವ ದಾರಿ. ಕ್ಯಾಂಪಿಗೆ ಬಂದವರು ಮಣ್ಣು ಎಳೆದು ಬೆಂಕಿ ಆರಿತು ಅಂದುಕೊಳ್ಳುತ್ತಾರೆ. ನಮ್ಮ ತೋಟದಲ್ಲಿ ಒಮ್ಮೆ ನೆಂಟರ ಹುಡುಗರು ಹಾಗೇ ಮಾಡಿ ಮಲಗಿದ್ದರು. ಬೆಳಿಗ್ಗೆ ನೋಡಿದರೆ ಒಂದು ಮಾರು ಆಚೆ ತರಗೆಲೆಯಲ್ಲಿ ಹೊಗೆ. ಒಣ ಬೇರಿನ ಒಳಗೇ ಬೆಂಕಿ ಹರಿದಿತ್ತು.

ಹಾಗಾಗಿ ನೀರು ಸುರಿಯಿರಿ. ಆವಿ ಮುಖಕ್ಕೆ ಹೊಡೆಯುತ್ತದೆ, ಪಕ್ಕಕ್ಕೆ ನಿಂತು ಸುರಿಯಿರಿ. ಕೋಲಿನಿಂದ ಕೆದಕಿ, ಮತ್ತೆ ಸುರಿಯಿರಿ. ಸುಯ್ ಅನ್ನುವ ಸದ್ದು ನಿಂತ ಮೇಲೆ ಅಂಗೈ ಹಿಂಭಾಗವನ್ನು ಹತ್ತಿರ ಹಿಡಿದು ನೋಡಿ. ಸ್ವಲ್ಪ ಬಿಸಿ ತಾಗಿದರೂ ಇನ್ನೊಂದು ಸಲ ಕೆದಕಬೇಕು. ಇದಕ್ಕೆ ಅಡುಗೆ ನೀರಲ್ಲದೆ ಇನ್ನೂ ಎರಡು ಬಕೆಟ್ ಬೇಕು. ಅದನ್ನು ತುಂಬಿಟ್ಟುಕೊಂಡೇ ಬೆಂಕಿಪೊಟ್ಟಣ ತೆಗೆಯಿರಿ.